ಫೋಟೋ ದೊಡ್ಡದಾಯಿತಂತೆ

ಗೆಳೆಯರೇ, ಪರ್ಕಳದ ಸೈಬರ್ ಸೆಂಟರಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ತಲೆ ಇನ್ನೂ ಕಾದಿದೆ.

ನಮ್ಮ ಪಕ್ಕದ ಬಾಡಿಗೆ ಕೋಣೆಯ ರೇಣುಕಾ ಗದಗದ ಕಡೆಯವಳು. ಹಾಸ್ಟೆಲ್ ಮೆಸ್ಸಿನಲ್ಲಿ ದುಡಿಯುತ್ತಲೇ ಡಿಪ್ಲೊಮಾ ಮುಗಿಸಿದವಳು. ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಅರ್ಜಿ ಹಾಕಲು ನನ್ನನ್ನು ಕರೆತಂದಿದ್ದಳು. ಇಂದು ಸಂಜೆ ಐದಕ್ಕೆ ಕೊನೆ. ಉಡುಪಿಯ ಸ್ಟುಡಿಯೋದವರು, "ಕೆಲಸಕ್ಕಲ್ವಾ, ಚಂದ ಬರಲಿ" ಎಂದು ಅಕ್ಕರೆಯಿಂದ ಅವಳ ಫೋಟೋವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಸಿಡಿ ಕೊಟ್ಟಿದ್ದರು.

ಅರ್ಜಿ ತುಂಬಿ ಫೋಟೋ ಹಾಕಿದೆವು. ಇಲ್ಲಿಯ ನೆಟ್ ಗೊತ್ತಲ್ಲ, ಅರ್ಧ ಗಂಟೆ ಎಳೆಯಿತು. ಪೂರ್ತಿ ಹೋದ ಮೇಲೆ ಕೆಂಪಕ್ಷರ ಬಂತು: "ಫೈಲ್ ದೊಡ್ಡದಾಗಿದೆ." ತುಂಬಿದ್ದೆಲ್ಲ ಖಾಲಿ. ಎಷ್ಟಿರಬೇಕೆಂದು ಎಲ್ಲೂ ಬರೆದಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ.

"ಐವತ್ತು ಕೆಬಿ ಒಳಗೆ ಇರಬೇಕು ಮೇಡಂ."

"ಅದನ್ನು ಮೊದಲೇ ಹೇಳಲಿಕ್ಕೆ ಎಂತ ಕಷ್ಟ ಮಾರಾಯರೇ?"

"ಫೈಲ್ ನಮ್ಮಲ್ಲಿಗೆ ಬಂದ ಮೇಲೆಯೇ ಅಲ್ವಾ ಅದರ ಗಾತ್ರ ಗೊತ್ತಾಗುವುದು?"

"ಫೈಲಿನ ಗಾತ್ರ ಆಮೇಲೆ ಗೊತ್ತಾಗಲಿ, ನಿಮ್ಮ ಐವತ್ತು ಕೆಬಿ ನಿಮಗೆ ಮೊದಲೇ ಗೊತ್ತುಂಟಲ್ಲ!"

ಫೋನ್ ಇಟ್ಟೆ. ಫೋಟೋ ಚಿಕ್ಕದು ಮಾಡಿ, ಎಲ್ಲವನ್ನೂ ಮತ್ತೆ ತುಂಬುವಷ್ಟರಲ್ಲಿ ಐದು ದಾಟಿತು, ಪುಟ ಮುಚ್ಚಿತು. "ಹೋಗ್ಲಿ ಬಿಡ್ರಿ ಅಕ್ಕಾರ, ನನಗ ಮೆಸ್ಸಿಗೆ ಹೊತ್ತಾತು" ಎಂದು ರೇಣುಕಾ ಎದ್ದು ಹೋದಳು.

ನನಗೆ ಬಿಡಲಾಗಲಿಲ್ಲ. ಮತ್ತೆ ಫೋನ್ ಮಾಡಿದೆ. "ದೂರು ಕೊಡುವುದಾದರೆ ಸ್ಕ್ರೀನಿನ ಚಿತ್ರ ತೆಗೆದು ದೂರಿನ ಪುಟದಲ್ಲಿ ಹಾಕಿ" ಎಂದರು. ಹಾಕಿದೆ. ಅದೂ ಅರ್ಧ ಗಂಟೆ ಎಳೆಯಿತು. ಈಗ ಬಂತು ನೋಡಿ, ಅದೇ ಕೆಂಪಕ್ಷರ: "ಫೈಲ್ ದೊಡ್ಡದಾಗಿದೆ."