ಪಾದರಸ ಬರೆಯದ ನೂರಾ ಎರಡು

ಪಾದರಸ ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ತೀರಿಕೊಂಡ. ನ್ಯುಮೋನಿಯಾ. ಎಪ್ಪತ್ತೊಂದು ವರ್ಷವಾಗಿತ್ತು.

ಜೈಲಿನ ಆಸ್ಪತ್ರೆಯಲ್ಲಿ ಅವನು ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದ. ಅದೇ ಜೈಲಿನ ಶಾಲೆಗೆ ನಾನು ಮೇಷ್ಟ್ರು. ಯಾವಾಗಲೂ ಥರ್ಮಾಮೀಟರ್ ಕೊಡವುತ್ತಲೇ ಇರುತ್ತಿದ್ದನೆಂದು ಕೈದಿಗಳು ಇಟ್ಟ ಹೆಸರು ಪಾದರಸ. ನಡಿಗೆ ಮಾತ್ರ ಎಮ್ಮೆಯದು. ಅವನ ಬಾಯಲ್ಲಿ ಸುಳ್ಳು ಕೇಳಿದವರಿರಲಿಲ್ಲ. ಮನೆಯಲ್ಲಿ ನಾನು ಏನು ಹೇಳಿದರೂ ನನ್ನ ಹೆಂಡತಿ, "ಆಯ್ತು, ಪಾದರಸಣ್ಣನ್ನ ಒಂದ್ಮಾತು ಕೇಳ್ತೀನಿ ಇರಿ" ಎನ್ನುತ್ತಿದ್ದಳು. ಇಷ್ಟು ವರ್ಷವೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಅವನ ವಿಷಯದಲ್ಲಿ ಕಷ್ಟವೇ ಅದು, ಬರೆಯುವುದಕ್ಕೆ ಬೇರೇನೂ ಇಲ್ಲ.

ನಮ್ಮ ಜೈಲಿನಲ್ಲಿ ಒಂದು ನಿಯಮವಿತ್ತು. ಗಲ್ಲಿನ ಕೈದಿಗೆ ಜ್ವರವಿದ್ದರೆ ಗಲ್ಲು ಹಾಕುವಂತಿಲ್ಲ, ವಾಸಿ ಮಾಡಿ ಆಮೇಲೆ ಹಾಕಬೇಕು. ಹಿಂದಿನ ದಿನ ಪಾದರಸ ಜ್ವರ ನೋಡಿ ಪಟ್ಟಿಯಲ್ಲಿ ಬರೆಯುತ್ತಿದ್ದ. ಡಾಕ್ಟರು ಅದರ ಕೆಳಗೆ ಕಣ್ಣು ಮುಚ್ಚಿಕೊಂಡು ರುಜು ಹಾಕುತ್ತಿದ್ದರು. ಒಮ್ಮೆ ಒಬ್ಬನಿಗೆ ನೂರಾ ಮೂರು ಇತ್ತು. ಹಗ್ಗದಿಂದ ಹಿಡಿದು ಎಲ್ಲ ಸಿದ್ಧವಾಗಿತ್ತು. "ತೊಂಬತ್ತೆಂಟು ಅಂತ ಬರಿಯಯ್ಯ, ನಾಳೆ ಹೇಗಿದ್ರೂ ತಣ್ಣಗಾಗ್ತಾನಲ್ಲ" ಎಂದು ಜೈಲಿನ ಸೂಪರಿಂಟೆಂಡೆಂಟ್ ಸಾಹೇಬರು ನಕ್ಕರು. ಪಾದರಸ ನೂರಾ ಮೂರು ಎಂದೇ ಬರೆದ. ಗಲ್ಲು ಇಪ್ಪತ್ತು ದಿನ ಮುಂದೆ ಹೋಯಿತು. ಅಷ್ಟರಲ್ಲಿ ಕ್ಷಮಾದಾನದ ಅರ್ಜಿ ಮಂಜೂರಾಗಿ ಆ ಮನುಷ್ಯ ಉಳಿದ. ಪಾದರಸನಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ನಾನಾಗಿದ್ದರೆ ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಅವನು ಹೆಂಡತಿಗೂ ಹೇಳಿರಲಿಲ್ಲ.

ಎರಡು ವರ್ಷದ ಮೇಲೆ ಗಲ್ಲು ಶಿಕ್ಷೆಯಾದ ಒಬ್ಬ ಬಡಗಿ ಬಂದ. ಭಾವಮೈದುನನನ್ನು ಉಳಿಯಿಂದ ಇರಿದು ಕೊಂದವನು. ಎಂಟು ತಿಂಗಳು ಕಂಬಿಯ ಹೊರಗೆ ಕೂತು ನಾನು ಅವನಿಗೆ ಅಕ್ಷರ ಕಲಿಸಿದೆ. ಗಲ್ಲು ಅನ್ಯಾಯವೆಂದು ನಾನು ಪುಸ್ತಕಗಳಿಂದ ಖಚಿತ ಮಾಡಿಕೊಂಡಿದ್ದೆ. ಹಾಗಾಗಿ, "ನಿನ್ನ ಅರ್ಜಿ ಮಂಜೂರಾಗೇ ಆಗುತ್ತೆ" ಎಂದು ದಿನವೂ ಧೈರ್ಯ ಹೇಳುತ್ತಿದ್ದೆ. ಒಂದು ದಿನ ಅವನು ಅದನ್ನೇ ಪಾದರಸನನ್ನು ಕೇಳಿದ.

"ನಂಗೆ ಗೊತ್ತಿಲ್ಲಪ್ಪ. ಇಂಥದ್ರಲ್ಲಿ ಆಗದೇ ಇರೋದೇ ಹೆಚ್ಚು" ಎಂದ ಪಾದರಸ.

ಅವತ್ತಿನಿಂದ ಬಡಗಿಯ ಕಣ್ಣು ಪಾಠದ ನಡುವೆ ನನ್ನ ಹೆಗಲ ಮೇಲಿಂದ ಹೊರಗೆ ನೋಡತೊಡಗಿತು. ಎಮ್ಮೆ ನಡಿಗೆಯ ಸದ್ದಾದರೆ ಬಳಪ ಕೆಳಗಿಡುತ್ತಿದ್ದ.

ಗಲ್ಲಿನ ಹಿಂದಿನ ದಿನದವರೆಗೂ ಅರ್ಜಿಗೆ ಉತ್ತರ ಬರಲಿಲ್ಲ. ಬೆಳಿಗ್ಗೆ ನಾನು ಔಷಧದ ಕೋಣೆಗೆ ಹೋದೆ. ಪಾದರಸ ಆಗಷ್ಟೇ ಬಡಗಿಯ ಜ್ವರ ನೋಡಿ ಬಂದಿದ್ದ. ತೊಂಬತ್ತೆಂಟೂವರೆ.

"ನೂರಾ ಎರಡು ಅಂತ ಬರಿ" ಎಂದೆ. "ಹತ್ತು ದಿನ ಸಿಕ್ರೆ ಸಾಕು. ಹೋದ ಸಲ ಆಯ್ತಲ್ಲ."

"ಹೋದ ಸಲ ಜ್ವರ ಇತ್ತು ಮೇಷ್ಟ್ರೇ."

"ಹಂಗಾದ್ರೆ ಗಲ್ಲು ಸರಿ ಅಂತೀಯಾ ನೀನು?"

"ಸರಿಯೋ ತಪ್ಪೋ ನಂಗೆ ಇನ್ನೂ ಗೊತ್ತಾಗಿಲ್ಲ. ಜ್ವರ ಎಷ್ಟು ಅನ್ನೋದು ಗೊತ್ತು."

"ಒಂದು ಜೀವಕ್ಕಿಂತ ನಿನ್ನ ಅಂಕಿ ದೊಡ್ಡದಾಯ್ತಾ?"

ಅವನು ಥರ್ಮಾಮೀಟರನ್ನು ಹತ್ತಿಯ ಮೇಲಿಟ್ಟ. "ಇವತ್ತು ಇವನಿಗೋಸ್ಕರ ಹೆಚ್ಚು ಬರೆದ್ರೆ, ನಾಳೆ ಕಮ್ಮಿ ಬರಿ ಅಂತ ಸಾಹೇಬ್ರು ಬಂದಾಗ ಯಾವ ಬಾಯಲ್ಲಿ ಆಗಲ್ಲ ಅನ್ಲಿ? ಅವತ್ತು ಒಬ್ಬ ಉಳ್ಕೊಂಡಿದ್ದು ನನ್ನ ಅಂಕಿ ನಂಬಿದ್ರಿಂದ್ಲೇ."

ಅಷ್ಟರಲ್ಲಿ ವಾರ್ಡಿನಲ್ಲಿ ಯಾರೋ ವಾಂತಿ ಮಾಡಿಕೊಂಡರೆಂದು ಕೂಗು ಬಂತು. ಅವನು ಎದ್ದು ಹೋದ. ಪಟ್ಟಿ ಖಾಲಿ ಇತ್ತು, ಪಕ್ಕದಲ್ಲಿ ಪೆನ್ನು. ಅವನ ಅಂಕಿಗಳ ಓರೆ ನನಗೆ ಬಾಯಿಪಾಠ. ಡಾಕ್ಟರು ಬರುವುದಕ್ಕೆ ಹತ್ತು ನಿಮಿಷವಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಕೆಲಸ ಹೋದೀತೆಂದು ಹೆದರಿದೆ. ಅವನು ಬಂದು ತೊಂಬತ್ತೆಂಟೂವರೆ ಎಂದು ಬರೆದ. ಎಂಟು ಸೊಟ್ಟಗಾಯಿತು.

ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ, ಇಬ್ಬರೂ ಸುಳ್ಳು ಬರೆಯಲಿಲ್ಲ. ಅವನು ಬರೆಯಬಾರದೆಂದು ಬರೆಯಲಿಲ್ಲ, ನಾನು ಸಿಕ್ಕಿಬೀಳುತ್ತೇನೆಂದು ಬರೆಯಲಿಲ್ಲ. ಕರ್ತವ್ಯಕ್ಕೂ ಕರ್ತವ್ಯದಂತೆ ಕಾಣುವುದಕ್ಕೂ ಇರುವ ಅಂತರದ ಮೇಲೆ ನಾನು ದಪ್ಪ ದಪ್ಪ ಪುಸ್ತಕ ಓದಿದ್ದೆ. ಅವನು ಒಂದನ್ನೂ ಓದಿರಲಿಲ್ಲ.

ಬಡಗಿಯನ್ನು ಗಲ್ಲಿಗೆ ಹಾಕಿದರು. ಅವನ ಚಾಪೆಯ ಕೆಳಗೆ ಒಂದು ಚೀಟಿ ಸಿಕ್ಕಿತು. ಅವನು ತಾನಾಗಿ ಬರೆದ ಮೊದಲ ಕಾಗದ. ನಾನು ಕೈ ಚಾಚಿದೆ. ಕಾವಲಿನವನು ಅದನ್ನು ಪಾದರಸನಿಗೆ ಕೊಟ್ಟ. "ಕಾಂಪೌಂಡರ್ ಸಾಹೇಬರಿಗೆ, ನೀವೊಬ್ಬರೇ ನನಗೆ ಸುಳ್ಳು ಹೇಳಲಿಲ್ಲ." ಅಷ್ಟೇ ಇತ್ತು.

ಪಾದರಸ ಅದನ್ನು ಓದಿದ. "ಅಕ್ಷರ ದುಂಡಗಿದೆ ಮೇಷ್ಟ್ರೇ. ನೀನು ಕಲ್ಸಿದ್ದು" ಎಂದು ಚೀಟಿಯನ್ನು ನನ್ನ ಕೈಗಿಟ್ಟ. ಆ ವರ್ಷವೆಲ್ಲ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂದು ಆಮೇಲೆ ಅವನ ಹೆಂಡತಿ ಹೇಳಿದರು. ನಾನು ಅದಕ್ಕೂ ಕರುಬಿದೆ. ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಅವನು ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಅವನ ಮನೆಯಲ್ಲಿದ್ದೆ. ಅವನ ಹೆಂಡತಿ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. "ಎಷ್ಟಿದೆ ನೋಡಿ" ಎಂದರು. ನೂರಾ ಮೂರು ದಾಟಿತ್ತು. ಮೊಳೆಗೆ ನೇತುಹಾಕಿದ್ದ ಪಟ್ಟಿ ತೆಗೆದು ತೊಂಬತ್ತೊಂಬತ್ತು ಎಂದು ಬರೆದೆ. "ಇಳೀತಾ ಇದೆ ಅತ್ತಿಗೆ, ಸ್ವಲ್ಪ ಮಲಗಿ" ಎಂದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಪಾದರಸ ಕಣ್ಣು ತೆರೆದ. "ಕೊಡು ಇಲ್ಲಿ."

ಕನ್ನಡಕ ಹಾಕಿಕೊಂಡು ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ಪಟ್ಟಿ ನೋಡಿದ.

"ಅವತ್ತು ಪೆನ್ನು ಮುಚ್ಚಿಟ್ಟೆ, ಇವತ್ತು ಬರ್ದೆ" ಎಂದ. ಮುಚ್ಚಳ ತೆರೆದದ್ದು ಅವನಿಗೆ ಗೊತ್ತಿತ್ತು. ನಗಲು ಹೋಗಿ ಕೆಮ್ಮಿದ.

ಕೆಮ್ಮು ನಿಂತ ಮೇಲೆ ಪೆನ್ನು ಕೇಳಿದ. ನನ್ನ ತೊಂಬತ್ತೊಂಬತ್ತಕ್ಕೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ನೂರಾ ಮೂರೂವರೆ ಎಂದು ಬರೆದ. ಕೆಳಗೆ, ಜೈಲಿನಲ್ಲಿ ಹಾಕುತ್ತಿದ್ದಂತೆಯೇ, ಚಿಕ್ಕದಾಗಿ ರುಜು ಹಾಕಿದ.