ಪಿಯಾನೊಗೆ ಮೊದಲು ಅರ್ಥಿಂಗ್

ಶಿಕಾರಿಪುರದ ನನ್ನ ಸಂಗೀತ ಶಾಲೆಗೆ ಸೊರಬದಿಂದ ಒಬ್ಬ ಎಲೆಕ್ಟ್ರಿಷಿಯನ್ ಬರುತ್ತಿದ್ದರು. ಯಾವ ಕೆಲಸಕ್ಕೆ ಕರೆದರೂ "ಅರ್ಥಿಂಗ್ ನೋಡೋಣ, ತಡೀರಿ" ಎಂದು ಕನ್ನಡಕ ಒರೆಸುತ್ತ ನಿಲ್ಲುವರು. ನನಗೆ ತಲೆ ಕೆಡುತ್ತಿತ್ತು.

ತಾನಾಗಿಯೇ ನುಡಿಯುವ ಡಿಜಿಟಲ್ ಪಿಯಾನೊ ಬಂದ ದಿನ ಪೋಷಕರೆಲ್ಲ ಕಾದು ಕೂತಿದ್ದರು. ನಾನು ಹಾಕಿದ ಪ್ಲಗ್ಗನ್ನು ಎಲೆಕ್ಟ್ರಿಷಿಯನ್ ಎರಡು ಸಲ ಕಿತ್ತರು.

"ಪ್ಲಗ್ ಹಾಕಿದ್ರೆ ಸಾಕು, ಅದೇ ನುಡೀತದೆ. ಇನ್ನೆಷ್ಟು ಹೊತ್ರೀ?" ಎಂದು ರೇಗಿದೆ.

ಅವರು ಗೋಡೆಯ ಬೋರ್ಡ್ ಬಿಚ್ಚಿದರು. ಒಳಗೆ, ಶಾಕ್ ಹೊಡೆಯದಂತೆ ಕಾಯುವ ಅರ್ಥಿಂಗ್ ತಂತಿಯನ್ನು ಜೋಡಿಸಿಯೇ ಇರಲಿಲ್ಲ. ಇನ್ನು ದಿನವೂ ಮಕ್ಕಳು ಮುಟ್ಟಲಿರುವ ಪಿಯಾನೊ ಅದು.

"ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?" ಎಂದೆ.

"ನಾನೇ ರೀ. ಕೆಲಸ ಕಲಿತ ಹೊಸದರಲ್ಲಿ ಅವಸರ ಮಾಡಿಬಿಟ್ಟೆ" ಎಂದರು, ಪೋಷಕರಿಗೆಲ್ಲ ಕೇಳುವಂತೆ.

ನಾನು ಎಲ್ಲರಿಗೂ ಚಹಾ ತರಿಸಿ, ಅವರ ಕೆಲಸ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕೂತೆ.