ಬ್ಯಾಕಪ್ ಬೇಡ ಎಂದದ್ದು

ಕೊಪ್ಪದ ನಮ್ಮ ಕಾಲೇಜಿನಲ್ಲಿ ಇಮೇಲ್ ಎಂದರೆ ಆಫೀಸಿನಲ್ಲಿದ್ದ ಒಂದೇ ಒಂದು ಕಂಪ್ಯೂಟರ್. ಇಪ್ಪತ್ತೆರಡು ಮಂದಿ ಸಿಬ್ಬಂದಿಗೂ ವಿಶ್ವವಿದ್ಯಾಲಯ ಒಂದೊಂದು ವಿಳಾಸ ಕೊಟ್ಟಿತ್ತು. ಇಪ್ಪತ್ತೆರಡೂ ಇಮೇಲ್ ಪೆಟ್ಟಿಗೆ ತೆರೆಯುತ್ತಿದ್ದವರು ಮಾತ್ರ ನಮ್ಮ ಗುಮಾಸ್ತರು. ಜೂನಿನ ಮಳೆ ಹಿಡಿಯಿತೆಂದರೆ ಇಂಟರ್ನೆಟ್ ಬರುತ್ತಿದ್ದ ಫೋನ್ ಲೈನ್ ಯಾವತ್ತು ಸತ್ತುಹೋಗುತ್ತದೆಂದು ಹೇಳುವಂತಿರಲಿಲ್ಲ. ಸತ್ತರೆ ಒಂದು ವಾರ, ಕೆಲವೊಮ್ಮೆ ಹತ್ತು ದಿನ. ಅದಕ್ಕೇ ಗುಮಾಸ್ತರು ಒಂದು ಪದ್ಧತಿ ಮಾಡಿಕೊಂಡಿದ್ದರು. ಲೈನ್ ಇದ್ದಾಗಲೇ ಎಲ್ಲರ ಪತ್ರಗಳನ್ನೂ ಆ ಕಂಪ್ಯೂಟರಿನೊಳಕ್ಕೆ ಎಳೆದು ಇಟ್ಟುಕೊಳ್ಳುವುದು. ಪತ್ರ ಬಂದವರು ಪರದೆಯ ಮೇಲೇ ಓದಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗುವುದು. ಕಾಗದದ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ಆಗಸ್ಟಿನ ಹೊತ್ತಿಗೆ ಕಪಾಟಿನ ಫೈಲುಗಳೆಲ್ಲ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಅವರು ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದರು.

ಹೀಗೆ ಎಳೆದುಕೊಂಡ ಪತ್ರದ ಪ್ರತಿ ವಿಶ್ವವಿದ್ಯಾಲಯದ ಸರ್ವರಿನಲ್ಲಿ ಉಳಿಯುತ್ತಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ.

ನಾನು ಆ ಕಾಲೇಜಿಗೆ ಉಪನ್ಯಾಸಕನಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಓದುವಾಗ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಯಾರು ಏನೇ ಹೇಳಿದರೂ ಮೊದಲು ಅದರಲ್ಲಿ ತೂತು ಹುಡುಕುವುದು ನನಗೆ ಚಟವಾಗಿತ್ತು. ವಿಶ್ವವಿದ್ಯಾಲಯದ ಸುತ್ತೋಲೆ ಬಂತು: ಸಿಬ್ಬಂದಿಯೆಲ್ಲ ಹೊಸ ಇಮೇಲ್ ವ್ಯವಸ್ಥೆಗೆ ಬದಲಾಗಬೇಕು, ಹಳೆಯ ಪೆಟ್ಟಿಗೆಗಳಲ್ಲಿರುವ ಪತ್ರಗಳನ್ನೆಲ್ಲ ನಾವೇ ಸಾಗಿಸುತ್ತೇವೆ, ಪ್ರತಿ ಕಾಲೇಜೂ ಒಬ್ಬರನ್ನು ಇದಕ್ಕೆ ನೇಮಿಸಬೇಕು. ಪ್ರಿನ್ಸಿಪಾಲರು ನನ್ನ ಹೆಸರು ಬರೆದರು.

ಸಿಬ್ಬಂದಿ ಸಭೆಯಲ್ಲಿ ಗುಮಾಸ್ತರು ಎದ್ದು ನಿಂತರು. ಅವರು ಎದ್ದು ಮಾತಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ಮೊದ್ಲು ಈ ಮೆಷಿನ್ನಲ್ಲಿ ಇರೋದನ್ನೆಲ್ಲ ಸಿಡಿಗೆ ಹಾಕಿಟ್ಕೊಳ್ಳೋಣ ಸಾರ್. ಆಮೇಲೆ ಉಳಿದದ್ದು."

"ಯಾಕೆ?" ಎಂದೆ.

"ಅಲ್ಲಿ ಎಂತ ಉಳಿದಿದೆಯೋ ಯಾರಿಗೆ ಗೊತ್ತು ಮಾರಾಯ್ರೆ. ನಾವು ಎಳ್ಕೊಂಡದ್ದು ಇಲ್ಲಿದೆ, ಅಷ್ಟು ಗೊತ್ತು."

ನಾನು ಸುತ್ತೋಲೆ ಎತ್ತಿ ಹಿಡಿದೆ. ಪತ್ರಗಳನ್ನೆಲ್ಲ ಸಾಗಿಸುತ್ತೇವೆ ಎಂದು ಸ್ಪಷ್ಟವಾಗಿ ಬರೆದಿದ್ದಾರಲ್ಲ, ಅದನ್ನು ನಂಬದಿರಲು ಆಧಾರವೇನು ಎಂದು ಕೇಳಿದೆ. ಪತ್ರ ಇರುವುದು ಸರ್ವರಿನಲ್ಲಿ, ಈ ಕಂಪ್ಯೂಟರ್ ಅದನ್ನು ತೋರಿಸುತ್ತದೆ ಅಷ್ಟೇ ಎಂದೆ. "ನಿಮ್ಮ ಮನೆ ಟಿವಿ ಕೆಟ್ಟರೆ ಸೀರಿಯಲ್ಲೇ ನಿಂತುಬಿಡುತ್ತಾ?"

ಎಲ್ಲರೂ ನಕ್ಕರು. ಒಂದು ಸಲ ನಗು ಎದ್ದರೆ ಎದುರಾಳಿಯ ಕತೆ ಮುಗಿಯಿತು ಎಂಬುದು ನನಗೆ ವೇದಿಕೆಗಳಿಂದ ಗೊತ್ತಿತ್ತು. ಗುಮಾಸ್ತರು ಕುಳಿತುಕೊಳ್ಳುತ್ತ ಹೇಳಿದರು, "ನಿಮ್ಮ ಹಾಗೆ ಮಾತಾಡ್ಲಿಕ್ಕೆ ನಂಗೆ ಬರೂದಿಲ್ಲ ಸಾರ್." ಅದು ಒಪ್ಪಿಗೆಯಾಗಿರಲಿಲ್ಲ. ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಸಭೆ ಮುಗಿದ ಮೇಲೆ ಇತಿಹಾಸದ ಮೇಡಂ ನನ್ನನ್ನು ತಡೆದರು. ದಿನಾ ಬಾಳೆಹೊನ್ನೂರಿನಿಂದ ಬಸ್ಸಿನಲ್ಲಿ ಬರುವವರು, ಏಳು ವರ್ಷದಿಂದ ಅರೆಕಾಲಿಕ. ಪ್ರತಿ ಜೂನಿನಲ್ಲಿ ಆ ವರ್ಷದ ಮಟ್ಟಿಗೆ ಅವರನ್ನು ಮುಂದುವರಿಸುವ ಆದೇಶ ಇಮೇಲಿನಲ್ಲಿ ಬರುತ್ತಿತ್ತು. ಐದು ವರ್ಷದ ಆದೇಶಗಳನ್ನು ತೋರಿಸಿದವರನ್ನು ಕಾಯಂ ಮಾಡುತ್ತೇವೆಂದು ವಿಶ್ವವಿದ್ಯಾಲಯ ಅರ್ಜಿ ಕರೆದಿತ್ತು.

"ನನ್ನ ಆರ್ಡರ್ ಎಲ್ಲ ಅದ್ರಲ್ಲೇ ಇರೋದು. ಹೋಗಲ್ಲ ತಾನೆ?"

"ಹೋಗಲ್ಲ ಮೇಡಂ. ಬರೆದು ಕೊಡ್ಲಾ?"

"ಬೇಡ, ನೀವು ಹೇಳಿದ್ಮೇಲೆ ಆಯ್ತು ಮಾರಾಯ್ರೆ. ನಿಮ್ಮೆದುರು ಯಾರು ನಿಲ್ತಾರೆ?" ಎಂದು ನಗುತ್ತ ಹೋದರು.

ಮರುವಾರ ವಿಶ್ವವಿದ್ಯಾಲಯದ ತಂತ್ರಜ್ಞ ಬೆಳಗಿನ ಬಸ್ಸಿಗೆ ಬಂದಿಳಿದ. ಕಂಪ್ಯೂಟರ್ ತೆರೆದು ನೋಡಿ, "ಇದರಲ್ಲಿರೋದೆಲ್ಲ ಹಳೇ ಸಾಫ್ಟ್‌ವೇರ್, ಹೊಸ ಮೇಲ್ ತೆರೆಯೋದೇ ಇಲ್ಲ. ಪೂರ್ತಿ ಅಳಿಸಿ ಹೊಸದು ಹಾಕಬೇಕು. ಬ್ಯಾಕಪ್ ತಗೊಂಡಿದ್ದೀರಾ?" ಎಂದ.

ಗುಮಾಸ್ತರು ನನ್ನ ಮುಖ ನೋಡಿದರು.

"ಬೇಡ. ಎಲ್ಲ ಸರ್ವರ್‌ನಲ್ಲಿದೆ," ಎಂದೆ.

"ನೋಡಿ ಸಾರ್, ಆಮೇಲೆ ನನ್ನನ್ನ ಕೇಳಬೇಡಿ."

ಪರದೆ ಕಪ್ಪಾಯಿತು. ಮೂಲೆಯಲ್ಲಿ ಅಂಕಿ ಏರತೊಡಗಿತು: ಶೇಕಡಾ ನಾಲ್ಕು, ಒಂಬತ್ತು. ಕಂಪ್ಯೂಟರಿನೊಳಗಿಂದ ಸಣ್ಣ ಸದ್ದು ಬರುತ್ತಿತ್ತು. ಗುಮಾಸ್ತರು ಕುಡಿಯದ ಚಹಾ ಕೈಯಲ್ಲಿ ಹಿಡಿದುಕೊಂಡೇ, "ಎಂತದೋ ಕೆರೆದು ತೆಗೆದ ಹಾಗೆ ಕೇಳ್ತದೆ ಸಾರ್," ಎಂದರು. ಯಂತ್ರ ಕೆಲಸ ಮಾಡುವ ಸದ್ದು ಎಂದೆ. ಶೇಕಡಾ ಮೂವತ್ತು ದಾಟಿದಾಗ ಅವರು ಲೋಟ ಇಟ್ಟು ಹೊರಗೆ ಹೋದರು. ಆಗಲೂ ನನಗೆ ಸಂಶಯ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಗೆದ್ದ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಸಂಜೆ ಹೊಸ ವ್ಯವಸ್ಥೆ ತೆರೆಯಿತು. ನನ್ನ ಪೆಟ್ಟಿಗೆಯಲ್ಲಿ ಒಂದೇ ಪತ್ರ, ಹೊಸ ವ್ಯವಸ್ಥೆಗೆ ಸ್ವಾಗತ ಎಂದು. ಪ್ರಿನ್ಸಿಪಾಲರ ಪೆಟ್ಟಿಗೆಯಲ್ಲೂ ಅದೇ. ಮೇಡಂ ಅವರದ್ದರಲ್ಲೂ ಅದೇ.

"ಇನ್ನೂ ಬರ್ತಾ ಇರಬೇಕು ಮೇಡಂ."

ಎರಡು ದಿನ ಅದನ್ನೇ ಹೇಳಿದೆ. ಮೂರನೆಯ ದಿನ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದೆ.

"ನಿಮ್ಮ ಕಾಲೇಜಿನ ಪೆಟ್ಟಿಗೆಗಳು ಖಾಲಿನೇ ಇದ್ವಲ್ಲ ಸಾರ್," ಎಂದಿತು ಆ ಕಡೆಯ ದನಿ. "ಖಾಲಿಯನ್ನೇ ಸಾಗಿಸಿದ್ದೀವಿ. ಶೃಂಗೇರಿ, ಎನ್.ಆರ್.ಪುರದವರದ್ದೆಲ್ಲ ಸರಿಯಾಗಿ ಬಂದಿದೆ. ನಿಮ್ಮದೊಂದೇ ಹೀಗೆ."

ಆದೇಶ ಕಳಿಸಿದ ವಿಭಾಗದಲ್ಲಿ ಪ್ರತಿ ಇರಬೇಕಲ್ಲ ಎಂದೆ. ಕಳಿಸಿದ್ದರ ಪ್ರತಿ ಅವರ ಕಂಪ್ಯೂಟರುಗಳಲ್ಲಷ್ಟೇ ಇತ್ತು, ಅವನ್ನೂ ಅದೇ ವಾರ ಅಳಿಸಿ ಹೊಸದು ಹಾಕಿದ್ದರು. ಅಳಿಸಿದ್ದನ್ನು ಮರಳಿ ತೆಗೆಯಬಹುದೇನೋ ಎಂದು ನಮ್ಮ ಯಂತ್ರದ ಹಾರ್ಡ್ ಡಿಸ್ಕ್ ಬಿಚ್ಚಿಸಿ ಚಿಕ್ಕಮಗಳೂರಿನ ಒಂದು ಅಂಗಡಿಗೆ ಒಯ್ದೆ. ಮೇಲೆ ಹೊಸದನ್ನು ಬರೆದಾಗಿದೆ, ಕೆಳಗಿನದು ಸಿಗುವುದಿಲ್ಲ ಎಂದರು.

ಮೇಡಂ ಜೊತೆ ವಿಶ್ವವಿದ್ಯಾಲಯಕ್ಕೆ ನಾನೇ ಹೋದೆ. ಅವರ ಕೈಯಲ್ಲಿ ಏಳು ವರ್ಷದ ಸಹಿ ಇದ್ದ ರಿಜಿಸ್ಟರು. ಅಧಿಕಾರಿ ಹಾಳೆ ತಿರುವಿ ನೋಡಿದರು.

"ಪತ್ರ ಬಂತು ಅಂತ ಸಹಿ ಇದೆ. ಯಾವ ಪತ್ರ?"

"ಆದೇಶ ಸಾರ್," ಎಂದರು ಮೇಡಂ.

"ಇದರಲ್ಲಿ ಹಾಗೆ ಬರೆದಿಲ್ಲವಲ್ಲಮ್ಮ." ನನ್ನ ಕಡೆ ತಿರುಗಿದರು. "ನೀವು ನೋಡಿದ್ದೀರಾ ಆ ಆದೇಶಗಳನ್ನ?"

ನೋಡಿರಲಿಲ್ಲ. ಮೇಡಂ ನನ್ನನ್ನೇ ನೋಡುತ್ತಿದ್ದರು.

"ಇಲ್ಲ."

"ಮತ್ತೆ ಇದ್ದವು ಅಂತ ಯಾವ ಆಧಾರದ ಮೇಲೆ ಹೇಳ್ತೀರಿ?"

ನಾನೇ ಎಷ್ಟೋ ಜನರಿಗೆ ಕೇಳಿದ್ದ ಪ್ರಶ್ನೆ. ಏಳು ವರ್ಷ ಪಾಠ ಮಾಡಿದ್ದಾರೆ, ಆದೇಶವಿಲ್ಲದೆ ಯಾವ ಕಾಲೇಜು ಮಾಡಲು ಬಿಡುತ್ತದೆ ಎಂದು ಶುರುಮಾಡಿದೆ. ಅಧಿಕಾರಿ ಅಷ್ಟರಲ್ಲಿ ಅರ್ಜಿಯ ಮೇಲೆ 'ದಾಖಲೆ ಇಲ್ಲ' ಎಂದು ಬರೆದು ಸಹಿ ಹಾಕಿದ್ದರು.

ಮುಂದಿನ ಜೂನಿನಲ್ಲಿ ಆ ವರ್ಷದ ಆದೇಶಕ್ಕೆ ಕಾಯುತ್ತ ಮೇಡಂ ಬಾಳೆಹೊನ್ನೂರಿನಿಂದ ದಿನಾ ಬೆಳಿಗ್ಗೆ ಆಫೀಸಿಗೆ ಫೋನ್ ಮಾಡುತ್ತಿದ್ದರು. "ಬಂತಾ ಮಾರಾಯ್ರೆ?" ನಾನು ಅವರ ಪೆಟ್ಟಿಗೆ ತೆರೆದು ನೋಡಿ, "ಇಲ್ಲ ಮೇಡಂ" ಎನ್ನುತ್ತಿದ್ದೆ. ಒಂದು ದಿನ ಅವರ ಫೋನ್ ಬರಲಿಲ್ಲ. ನಾನೇ ಪೆಟ್ಟಿಗೆ ತೆರೆಯಲು ಹೋದೆ. ಈ ಹೆಸರಿನ ಬಳಕೆದಾರರು ಇಲ್ಲ ಎಂದಿತು ಪರದೆ. ವಿಶ್ವವಿದ್ಯಾಲಯ ಅವರನ್ನು ಸಿಬ್ಬಂದಿ ಪಟ್ಟಿಯಿಂದಲೇ ತೆಗೆದಿತ್ತು.

"ಎಂತಾಯ್ತು ಸಾರ್?" ಎಂದರು ಹಿಂದಿನಿಂದ ಗುಮಾಸ್ತರು.

ಅವರಿಗೆ ಪರದೆ ತೋರಿಸಿದೆ. ಓದಿ, ಕನ್ನಡಕ ತೆಗೆದರು. "ಫೋನಲ್ಲಿ ಹೇಳ್ಬೇಡಿ," ಎಂದರು. ಮಧ್ಯಾಹ್ನದ ಬಾಳೆಹೊನ್ನೂರು ಬಸ್ಸು ಹತ್ತಿದೆ.